ಕಬ್ಬಿನ ಭಾರಕ್ಕೆ ತಕ್ಕ ಟೈರ್: ಪಕ್ಕೆಯ ಮೇಲಿನ ಅಂಕಿಗಳನ್ನು ಓದುವ ಬಗೆ

ದೀಪಾವಳಿಯ ಆಚೀಚೆ ಸಕ್ಕರೆ ಕಾರ್ಖಾನೆಗಳ ಚಿಮಣಿಗಳಲ್ಲಿ ಹೊಗೆ ಕಾಣಿಸಿಕೊಳ್ಳುವ ಹೊತ್ತಿಗೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಸೀಮೆಯ ಟೈರ್ ಅಂಗಡಿಗಳ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ತಿಂಗಳುಗಟ್ಟಲೆ ಹಿತ್ತಲಿನಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದ ಟ್ರೇಲರ್‌ಗಳನ್ನು ಹೊರಗೆಳೆದು, ಬೇರಿಂಗಿಗೆ ಗ್ರೀಸ್ ತುಂಬಿಸಿ, ಪಾಟಾ (ಅಚ್ಚಿನ ಮೇಲಿನ ಸ್ಪ್ರಿಂಗ್ ಪಟ್ಟಿಗಳು) ಬಿಗಿಸಿ, ಸವೆದ ಟೈರುಗಳನ್ನು ಬದಲಿಸುವ ಕೆಲಸ ಒಂದೆರಡು ವಾರಗಳಲ್ಲಿ ಮುಗಿಯಬೇಕು, ಏಕೆಂದರೆ ಹಂಗಾಮು ಆರಂಭವಾದ ಮೇಲೆ ಗಾಡಿ ನಿಂತ ಪ್ರತಿ ದಿನವೂ ನಷ್ಟದ ದಿನ.

ಕಳೆದ ವರ್ಷ ಮಹಾಲಿಂಗಪುರದ ಒಂದು ಅಂಗಡಿಯಲ್ಲಿ ನನ್ನ ಸರದಿಗಾಗಿ ಕುಳಿತಿದ್ದಾಗ ವಯಸ್ಸಾದ ರೈತರೊಬ್ಬರು ಟ್ರೇಲರ್‌ಗೆ ಎರಡು ಟೈರ್ ಕೇಳಿದರು. ಅಂಗಡಿಯ ಹುಡುಗ ಒಂದನ್ನು ಉರುಳಿಸಿಕೊಂಡು ಬಂದು, ಅಂಗೈಯಿಂದ ತಟ್ಟಿ, "ಹದಿನಾರು ಪ್ಲೈ ಐತ್ರಿ ಕಾಕಾ, ಎಷ್ಟ ಹೇರಿದ್ರೂ ಏನೂ ಆಗಂಗಿಲ್ರಿ" ಎಂದ. ಕಾಕಾ ಬೆಲೆ ಚೌಕಾಶಿ ಮಾಡಿ ಎರಡನ್ನೂ ಕೊಂಡರು. ಅವರ ಟ್ರೇಲರ್ ತುಂಬಿದಾಗ ಎಷ್ಟು ತೂಗುತ್ತದೆ ಎಂದು ಹುಡುಗ ಕೇಳಲಿಲ್ಲ, ಆ ಟೈರ್ ಎಷ್ಟು ಕಿಲೋ ಹೊರುತ್ತದೆ ಎಂದು ಕಾಕಾ ಕೇಳಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಆ ಟೈರಿನ ಪಕ್ಕೆಯ ಮೇಲೆಯೇ, ಧೂಳಿನ ಅಡಿಯಲ್ಲಿ, ಅಚ್ಚಾಗಿತ್ತು. ಮೊದಲನೆಯದಕ್ಕೆ ಉತ್ತರ ಕಾರ್ಖಾನೆಯ ಕಾಟಾ ಚೀಟಿಯಲ್ಲಿ, ಅಂದರೆ ಗಾಡಿ ತೂಗಿ ಕೊಡುವ ಚೀಟಿಯಲ್ಲಿ, ಇರುತ್ತದೆ. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದೇ ಟೈರ್ ಆಯ್ಕೆಯ ಮುಖ್ಯ ಕೆಲಸ. ಅದನ್ನು ಮಾಡಲು ಬೇಕಾದ ತಿಳಿವಳಿಕೆಯನ್ನು ಬುಡದಿಂದ ಇಲ್ಲಿ ವಿವರಿಸಲಾಗಿದೆ.

ಭಾರವನ್ನು ಹೊರುವುದು ಗಾಳಿ

ದಪ್ಪ ರಬ್ಬರ್ ಇದ್ದಷ್ಟೂ ಟೈರ್ ಹೆಚ್ಚು ಭಾರ ಹೊರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಗಾಡಿಯ ಭಾರದ ಬಹುಪಾಲನ್ನು ಹೊರುವುದು ಟೈರಿನೊಳಗೆ ಒತ್ತಿ ತುಂಬಿದ ಗಾಳಿ. ರಬ್ಬರ್ ಮತ್ತು ಅದರೊಳಗಿನ ದಾರ ಅಥವಾ ಉಕ್ಕಿನ ತಂತಿಗಳ ಕೆಲಸ ಆ ಗಾಳಿಯನ್ನು ಸಿಡಿಯದಂತೆ ಹಿಡಿದಿಡುವುದು. ಜೋಳದ ಚೀಲವನ್ನು ನೆನೆಸಿಕೊಳ್ಳಿ. ಗಿಡಿದು ತುಂಬಿ ಬಾಯಿ ಹೊಲಿದ ಚೀಲ ನೆಟ್ಟಗೆ ನಿಲ್ಲುತ್ತದೆ, ಅದರ ಮೇಲೆ ಇನ್ನೆರಡು ಚೀಲ ಒಟ್ಟಬಹುದು. ಅದೇ ಚೀಲದಲ್ಲಿ ಮುಕ್ಕಾಲು ಪಾಲು ಜೋಳವಿದ್ದರೆ ಅದು ಕುಸಿಯುತ್ತದೆ, ಹೊಲಿಗೆ ಎಳೆದು ಬಿಚ್ಚಿಕೊಳ್ಳುತ್ತದೆ. ಗೋಣಿಯ ನೂಲು ಎರಡೂ ಸಲ ಒಂದೇ ಆಗಿತ್ತು, ವ್ಯತ್ಯಾಸವಾದದ್ದು ಒಳಗೆ ತುಂಬಿದ್ದರಲ್ಲಿ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಲಾರಿ ಟೈರಿನಲ್ಲಿ 120 ಪೌಂಡ್ ಹವಾ ಇದೆ, ಅದರ ಮೇಲೆ 3000 ಕಿಲೋ ಭಾರ ಇದೆ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ನಾವು ಬರೀ ಪೌಂಡ್ ಎನ್ನುವುದು ಒಂದು ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ ಎಂಬುದರ ಸಂಕ್ಷೇಪ. 120 ಪೌಂಡ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8.4 ಕಿಲೋ. ಹಾಗಾದರೆ 3000 ಕಿಲೋ ಹೊರಲು ಸುಮಾರು 355 ಚದರ ಸೆಂಟಿಮೀಟರ್ ಜಾಗ ನೆಲಕ್ಕೆ ತಾಗಿರಬೇಕು. ಅದು ಮಕ್ಕಳ ಶಾಲಾ ನೋಟುಬುಕ್ಕಿನ ಒಂದು ಪುಟದಷ್ಟು. ಹವಾ 80 ಪೌಂಡಿಗೆ ಇಳಿದರೆ ಅದೇ ಭಾರಕ್ಕೆ ಒಂದೂವರೆ ಪುಟದಷ್ಟು ಜಾಗ ಬೇಕಾಗುತ್ತದೆ. ಆ ಹೆಚ್ಚುವರಿ ಜಾಗ ಸಿಗುವುದು ಟೈರ್ ಇನ್ನಷ್ಟು ಚಪ್ಪಟೆಯಾದಾಗ, ಅಂದರೆ ಪಕ್ಕೆಗಳು ಇನ್ನಷ್ಟು ಬಾಗಿದಾಗ.

ಅಪಾಯ ಇರುವುದು ಈ ಬಾಗುವಿಕೆಯಲ್ಲಿ. ತಂತಿಯ ತುಂಡನ್ನು ಅತ್ತಿತ್ತ ಹತ್ತಾರು ಸಲ ಬಾಗಿಸಿದರೆ ಬಾಗಿದ ಜಾಗ ಬೆರಳಿಗೆ ಬಿಸಿ ಹತ್ತುತ್ತದೆ, ಕೊನೆಗೆ ಅಲ್ಲಿಯೇ ಮುರಿಯುತ್ತದೆ. ಲಾರಿಯ ದೊಡ್ಡ ಟೈರ್ ಒಂದು ಕಿಲೋಮೀಟರ್ ಹೋಗಲು ಸುಮಾರು 300 ಸುತ್ತು ಸುತ್ತುತ್ತದೆ, ಅದರ ಪ್ರತಿಯೊಂದು ಭಾಗವೂ ಪ್ರತಿ ಸುತ್ತಿಗೆ ಒಮ್ಮೆ ನೆಲಕ್ಕೊತ್ತಿ ಬಾಗಿ ನೆಟ್ಟಗಾಗುತ್ತದೆ. ಹೊಲದಿಂದ ಕಾರ್ಖಾನೆಗೆ 30 ಕಿಲೋಮೀಟರ್ ದಾರಿಯಿದ್ದರೆ ಒಂದು ಖೇಪಿಗೆ ಒಂಬತ್ತು ಸಾವಿರ ಸಲ. ಭಾರ ಹೆಚ್ಚಿದ್ದರೆ ಅಥವಾ ಹವಾ ಕಡಿಮೆಯಿದ್ದರೆ ಪ್ರತಿ ಸಲದ ಬಾಗು ದೊಡ್ಡದಾಗುತ್ತದೆ, ಹುಟ್ಟುವ ಶಾಖ ಹೊರಗೆ ಹೋಗುವುದಕ್ಕಿಂತ ಬೇಗ ಒಳಗೆ ಸೇರುತ್ತದೆ, ರಬ್ಬರಿಗೂ ದಾರಕ್ಕೂ ಇರುವ ಬೆಸುಗೆ ಸಡಿಲಗೊಂಡು ಪದರಗಳು ಬಿಡುತ್ತವೆ. ಹಾಗಾಗಿ ಭಾರ ಹೆಚ್ಚಾದ ಟೈರ್ ಸಾಮಾನ್ಯವಾಗಿ ಹೇರಿದ ಜಾಗದಲ್ಲಿ ಸಿಡಿಯದೆ, ಮೈಲುಗಟ್ಟಲೆ ಓಡಿ ಬಿಸಿಯಾದ ಮೇಲೆ ಸಿಡಿಯುತ್ತದೆ.

ನಮ್ಮ ಟ್ರೇಲರ್‌ನ ಎಡಗಡೆಯ ಹಿಂದಿನ ಟೈರ್ ಒಂದು ರಾತ್ರಿ ಕಾಲುವೆ ಏರಿಯ ಮೇಲೆ ಹೋಯಿತು. ತುಂಬಿದ ಟ್ರೇಲರ್ ಕಾಲುವೆಯ ಕಡೆಗೆ ವಾಲಿ ನಿಂತಿತು. ಅರ್ಧ ಕಬ್ಬನ್ನು ಕತ್ತಲೆಯಲ್ಲಿ ಇಳಿಸಿ ಜಾಕ್ ಏರಿಸಬೇಕಾಯಿತು. ಬೆಳಿಗ್ಗೆ ಟೈರನ್ನು ಡಿಸ್ಕಿನಿಂದ (ಟೈರ್ ಕೂರುವ ಕಬ್ಬಿಣದ ಚಕ್ರದಿಂದ) ಬಿಚ್ಚಿದಾಗ ಒಳಗಿನಿಂದ ಒಂದು ಬೊಗಸೆಯಷ್ಟು ಕರಿ ಪುಡಿ ಉದುರಿತು, ಮುಟ್ಟಿದರೆ ರಾಗಿ ಹಿಟ್ಟಿನಂತೆ ನುಣುಪಾಗಿತ್ತು, ಸುಟ್ಟ ವಾಸನೆಯಿತ್ತು. ಪಕ್ಕೆಯ ಒಳಮೈ ಸುತ್ತಲೂ ಒಂದೇ ಗೆರೆಯಲ್ಲಿ ಸವೆದು ನೂಲು ಕಾಣುತ್ತಿತ್ತು. ಮೊಳೆ ಚುಚ್ಚಿದ ಗುರುತು ಎಲ್ಲಿಯೂ ಇರಲಿಲ್ಲ. ಆ ಟೈರ್ ಹಲವು ದಿನಗಳಿಂದ ಕಡಿಮೆ ಹವಾದಲ್ಲಿ, ಹೊರಲಾಗದ ಭಾರ ಹೊತ್ತು, ಒಳಗೊಳಗೇ ಅರೆದುಹೋಗಿತ್ತು. ನೆಲಕ್ಕೆ ತಾಗುವ ಹೊರಗಿನ ರಬ್ಬರ್ ಗುಡ್ಡಿಗಳು ಮಾತ್ರ ಹೊಸದರಂತಿದ್ದವು.

ಎಳೆಯುವ ಭಾರ ಮತ್ತು ಹೊರುವ ಭಾರ

ಇಪ್ಪತ್ತು ಟನ್ ಎಳೆಯುವ ಟ್ರ್ಯಾಕ್ಟರಿನ ಟೈರುಗಳ ಮೇಲೆ ಇಪ್ಪತ್ತು ಟನ್ ಬೀಳುವುದಿಲ್ಲ. ಟ್ರೇಲರ್‌ನ ಭಾರವನ್ನು ಟ್ರೇಲರ್‌ನ ಗಾಲಿಗಳೇ ಹೊರುತ್ತವೆ, ಎಳೆಯುವ ಗಾಡಿಯ ಮೇಲೆ ಬೀಳುವುದು ಕೊಂಡಿಯ ಮೂಲಕ ಕೆಳಮುಖವಾಗಿ ಒತ್ತುವ ಭಾಗ ಮಾತ್ರ. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಗೊತ್ತಿರುತ್ತವೆ. ಚೀಲಗಳನ್ನು ಮೂಕಿಯ ಕಡೆಗೆ ಸರಿಸಿ ಹೇರಿದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ತೀರಾ ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುತ್ತದೆ. ಒಂದೇ ಅಚ್ಚಿನ ಟ್ರೇಲರ್ ಟ್ರ್ಯಾಕ್ಟರಿಗೆ ಮಾಡುವುದೂ ಇದನ್ನೇ. ಮುಂದೊಂದು ಹಿಂದೊಂದು ಅಚ್ಚಿರುವ ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ಹೆಚ್ಚುಕಡಿಮೆ ತಾನೇ ಹೊರುವುದರಿಂದ ಕೊಂಡಿಯ ಮೇಲೆ ಒತ್ತು ಬಹಳ ಕಡಿಮೆ.

ಒಂದೇ ಅಚ್ಚಿನ ಟ್ರೇಲರ್ ಇದ್ದವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕೊಂಡಿ ಇರುವುದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತಲೂ ಹಿಂದೆ. ಆದ್ದರಿಂದ ಅಲ್ಲಿ ಬಿದ್ದ ಭಾರ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2 ಮೀಟರ್ ಅಂತರವಿದ್ದು, ಕೊಂಡಿ ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರ್ ಹಿಂದಿದ್ದರೆ, ಕೊಂಡಿಯ ಮೇಲೆ ಬಿದ್ದ 1000 ಕಿಲೋ ಹಿಂದಿನ ಅಚ್ಚಿಗೆ 1400 ಕಿಲೋ ಆಗಿ ಸೇರುತ್ತದೆ, ಮುಂದಿನ ಅಚ್ಚಿನಿಂದ 400 ಕಿಲೋ ಎತ್ತಿಬಿಡುತ್ತದೆ. ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳದಿರುವುದಕ್ಕೆ ಇದೂ ಒಂದು ಕಾರಣ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರುಗಳನ್ನು ಆರಿಸುವಾಗ ಟ್ರ್ಯಾಕ್ಟರಿನ ಸ್ವಂತ ತೂಕದ ಜೊತೆಗೆ ಈ 1400 ಕಿಲೋವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೋಡ್ ಇಂಡೆಕ್ಸ್ ಎಂಬ ಅಂಕಿ

ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ದೊಡ್ಡ ಅಕ್ಷರಗಳಲ್ಲಿ ಅಳತೆ ಕಾಣುತ್ತದೆ, ಉದಾಹರಣೆಗೆ 10.00 ಆರ್ 20. ಇದರಲ್ಲಿ 10.00 ಎಂಬುದು ಟೈರಿನ ಅಗಲದ ಸೂಚಕ, ಇಂಚುಗಳಲ್ಲಿ. 20 ಎಂಬುದು ಅದು ಕೂರುವ ಡಿಸ್ಕಿನ ವ್ಯಾಸ. ನಡುವೆ ಆರ್ ಅಕ್ಷರವಿದ್ದರೆ ರೇಡಿಯಲ್, ಬರೀ ಅಡ್ಡಗೆರೆಯಿದ್ದರೆ ನೈಲಾನ್ (ಇವೆರಡರ ವ್ಯತ್ಯಾಸ ಕೊನೆಯಲ್ಲಿದೆ). ಈ ಅಳತೆ ಟೈರ್ ನಿಮ್ಮ ಡಿಸ್ಕಿಗೆ ಹೊಂದುತ್ತದೆಯೇ ಎಂಬುದನ್ನು ಹೇಳುತ್ತದೆ, ನಿಮ್ಮ ಭಾರವನ್ನು ಹೊರುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಒಂದೇ ಅಳತೆಯ ಎರಡು ಟೈರುಗಳ ಹೊರುವ ಶಕ್ತಿಯಲ್ಲಿ ನೂರಾರು ಕಿಲೋ ವ್ಯತ್ಯಾಸವಿರಬಹುದು.

ಭಾರದ ಅಂಕಿ ಅಳತೆಯ ಹತ್ತಿರವೇ, ಸ್ವಲ್ಪ ಚಿಕ್ಕದಾಗಿ, 146/143 ಕೆ ಎಂಬ ರೂಪದಲ್ಲಿರುತ್ತದೆ. ಇದೇ ಲೋಡ್ ಇಂಡೆಕ್ಸ್, ಭಾರದ ಸಂಕೇತ. 146 ಎಂದರೆ 146 ಕಿಲೋ ಅಲ್ಲ. ಅದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಪಟ್ಟಿಯ ಕ್ರಮಸಂಖ್ಯೆ, ಅದರ ಎದುರಿಗೆ ಕಿಲೋ ಬರೆದಿರುತ್ತದೆ. ಬಸ್ಸಿನ ನಂಬರ್ ನೋಡಿ ಅದು ಹೋಗುವ ಊರನ್ನು ತಿಳಿಯುವಂತೆ, ಸಂಕೇತ ನೋಡಿ ಪಟ್ಟಿಯಲ್ಲಿ ಭಾರ ತಿಳಿಯಬೇಕು. ಪಟ್ಟಿಯಲ್ಲಿ 100ಕ್ಕೆ 800 ಕಿಲೋ, 121ಕ್ಕೆ 1450, 130ಕ್ಕೆ 1900, 140ಕ್ಕೆ 2500, 143ಕ್ಕೆ 2725, 145ಕ್ಕೆ 2900, 146ಕ್ಕೆ 3000, 148ಕ್ಕೆ 3150, 149ಕ್ಕೆ 3250, 152ಕ್ಕೆ 3550, 156ಕ್ಕೆ 4000 ಕಿಲೋ ಇದೆ. ಸಂಕೇತ 140ರಿಂದ 149ಕ್ಕೆ ಏರಿದರೆ ಒಂಬತ್ತೇ ಅಂಕಿಯ ವ್ಯತ್ಯಾಸ ಎನ್ನಿಸುತ್ತದೆ, ಆದರೆ ಪ್ರತಿ ಟೈರಿಗೆ 750 ಕಿಲೋ ವ್ಯತ್ಯಾಸವಾಗಿರುತ್ತದೆ. ಆದ್ದರಿಂದ ಅಂಗಡಿಯಲ್ಲಿ "ಹೆಚ್ಚುಕಡಿಮೆ ಒಂದೇ" ಎಂಬ ಮಾತಿಗೆ ಒಪ್ಪಬಾರದು.

ಅನೇಕ ಟೈರುಗಳ ಮೇಲೆ ಇದೇ ಮಾಹಿತಿಯನ್ನು ಇಂಗ್ಲಿಷಿನಲ್ಲಿ ನೇರವಾಗಿ ಕಿಲೋ ಮತ್ತು ಒತ್ತಡದಲ್ಲಿಯೂ ಬರೆದಿರುತ್ತಾರೆ: ಒಂಟಿಯಾಗಿ ಇಷ್ಟು ಕಿಲೋ, ಜೋಡಿಯಲ್ಲಿ ಇಷ್ಟು ಕಿಲೋ, ತಣ್ಣಗಿರುವಾಗ ಇಷ್ಟು ಒತ್ತಡದಲ್ಲಿ ಎಂದು. ಒತ್ತಡ ಕಿಲೋಪಾಸ್ಕಲ್‌ನಲ್ಲಿದ್ದರೆ 830 ಎಂಬುದು ಸುಮಾರು 120 ಪೌಂಡಿಗೆ ಸಮ ಎಂದು ನೆನಪಿಟ್ಟರೆ ಸಾಕು. ಆ ಒತ್ತಡದ ಷರತ್ತು ಬಹಳ ಮುಖ್ಯ. ಪಟ್ಟಿಯ ಕಿಲೋ ದೊರೆಯುವುದು ಅಷ್ಟು ಹವಾ ಇದ್ದಾಗ ಮಾತ್ರ.

ಪ್ಲೈ ಹೇಳುವುದೇನು

ಹಿಂದೆ ಟೈರಿನೊಳಗೆ ಹತ್ತಿಯ ನೂಲಿನ ಪದರಗಳಿರುತ್ತಿದ್ದವು, ಅವುಗಳ ಎಣಿಕೆಯೇ ಪ್ಲೈ ಆಗಿತ್ತು. ನಂತರ ರೇಯಾನ್, ನೈಲಾನ್, ಉಕ್ಕು ಬಂದವು. ಒಂದು ಉಕ್ಕಿನ ಪದರ ಹತ್ತಿಯ ಹಲವು ಪದರಗಳ ಕೆಲಸ ಮಾಡುತ್ತದೆ. ಆದರೂ ಹಳೆಯ ಮಾತು ಉಳಿಯಿತು. ಇಂದು 16 ಪ್ಲೈ ಎಂದರೆ ಒಳಗೆ ಹದಿನಾರು ಪದರ ಇವೆ ಎಂದಲ್ಲ, ಹತ್ತಿಯ ಹದಿನಾರು ಪದರಗಳ ದರ್ಜೆಗೆ ಸಮನಾದ ಬಲವಿದೆ ಎಂದು. ಪ್ಲೈ ಹೆಚ್ಚಿದ್ದರೆ ಟೈರ್ ಹೆಚ್ಚು ಒತ್ತಡದ ಹವಾವನ್ನು ತಡೆದುಕೊಳ್ಳುತ್ತದೆ, ಹೆಚ್ಚು ಹವಾ ಇದ್ದಾಗ ಹೆಚ್ಚು ಭಾರ ಹೊರುತ್ತದೆ. ನಡುವಿನ ಕೊಂಡಿಯಾದ ಹವಾವನ್ನು ಮರೆತು ಪ್ಲೈಗೆ ನೇರವಾಗಿ ಭಾರ ಹೊರಿಸಿದರೆ, ಹದಿನಾರು ಪ್ಲೈ ಟೈರಿನಲ್ಲಿ ಹತ್ತು ಪ್ಲೈಗೆ ಹಾಕುವ ಹವಾ ತುಂಬಿ, ಹೆಚ್ಚಿನ ದುಡ್ಡು ಕೊಟ್ಟರೂ ಹೆಚ್ಚಿನ ಬಲ ಸಿಗದಂತಾಗುತ್ತದೆ. ಬೇರೆ ಬೇರೆ ಅಳತೆಯ ಟೈರುಗಳ ಪ್ಲೈಯನ್ನು ಹೋಲಿಸುವುದಕ್ಕೂ ಅರ್ಥವಿಲ್ಲ. ಅಂಗಡಿಯಲ್ಲಿ ಪ್ಲೈ ಕೇಳಿ, ತಪ್ಪಿಲ್ಲ. ಆದರೆ ತೀರ್ಮಾನವನ್ನು ಲೋಡ್ ಇಂಡೆಕ್ಸ್ ನೋಡಿಯೇ ಮಾಡಿ.

ಜೋಡಿ ಟೈರಿನ ಲೆಕ್ಕ ಬೇರೆ

146/143 ಎಂಬಲ್ಲಿ ಎರಡು ಅಂಕಿಗಳಿರುವುದು ಏಕೆ? ಮೊದಲನೆಯದು ಅಚ್ಚಿನ ಒಂದು ತುದಿಗೆ ಒಂದೇ ಟೈರ್ ಇರುವಾಗ, ಎರಡನೆಯದು ಲಾರಿಯ ಹಿಂಭಾಗದಲ್ಲಿರುವಂತೆ ಎರಡು ಟೈರ್ ಅಕ್ಕಪಕ್ಕ ಕೂಡಿಸಿರುವಾಗ. ಅದೇ ಟೈರ್ ಒಂಟಿಯಾಗಿ 3000 ಕಿಲೋ ಹೊತ್ತರೆ ಜೋಡಿಯಲ್ಲಿ 2725 ಕಿಲೋ ಮಾತ್ರ ಹೊರಬೇಕು. ಕಾರಣ, ಜೋಡಿಯಲ್ಲಿನ ಎರಡು ಟೈರುಗಳು ಎಂದೂ ಸಮವಾಗಿ ಭಾರ ಹಂಚಿಕೊಳ್ಳುವುದಿಲ್ಲ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ, ಒಂದು ಟೈರ್ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಸವೆದಿರುತ್ತದೆ, ಒಂದರಲ್ಲಿ ಹವಾ ಹತ್ತು ಪೌಂಡ್ ಕಡಿಮೆಯಿರುತ್ತದೆ. ಸವೆದ ಹಳೆಯ ಟೈರಿನ ಪಕ್ಕದಲ್ಲಿ ಎತ್ತರದ ಹೊಸ ಟೈರ್ ಕೂಡಿಸಿದರೆ ಹೆಚ್ಚಿನ ಭಾರವನ್ನು ಹೊಸದೇ ಹೊರುತ್ತದೆ, ಮತ್ತು ಜನ ಆ ಹೊಸ ಟೈರಿನ ಕಂಪನಿಯನ್ನು ಬೈಯುತ್ತಾರೆ. ಒಳಗಿನ ಟೈರ್ ಪಂಕ್ಚರ್ ಆದದ್ದು ತಿಳಿಯದೆ ಹೋದರೆ ಹೊರಗಿನ ಒಂದೇ ಟೈರಿನ ಮೇಲೆ 5450 ಕಿಲೋವರೆಗೆ ಬೀಳಬಹುದು.

2018ರ ಜುಲೈನಲ್ಲಿ ಕೇಂದ್ರ ಸರಕಾರ ಲಾರಿಗಳ ಅಚ್ಚಿನ ಭಾರದ ಮಿತಿಯನ್ನು ಹೆಚ್ಚಿಸಿತು. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿ 10.2 ಟನ್ ಇದ್ದದ್ದು 11.5 ಟನ್ ಆಯಿತು. ಇದರಿಂದ ಟೈರಿಗೆ ಏನಾಯಿತು ನೋಡಿ. 146/143 ಸಂಕೇತದ ನಾಲ್ಕು ಟೈರುಗಳು ಜೋಡಿಯಲ್ಲಿ ಒಟ್ಟು 10,900 ಕಿಲೋ ಹೊರುತ್ತವೆ. ಹಳೆಯ ಮಿತಿಗೆ ಅದು ಸಾಕಾಗಿತ್ತು, ಹೊಸ ಮಿತಿಗೆ 600 ಕಿಲೋ ಕಡಿಮೆ ಬೀಳುತ್ತದೆ. 11.5 ಟನ್ನನ್ನು ನಾಲ್ಕರಿಂದ ಭಾಗಿಸಿದರೆ ಪ್ರತಿ ಟೈರಿಗೆ 2875 ಕಿಲೋ ಬರುತ್ತದೆ, ಅಂದರೆ ಜೋಡಿಯ ಸಂಕೇತ ಕನಿಷ್ಠ 145 ಇರಬೇಕು. 149/146ರ ನಾಲ್ಕು ಟೈರುಗಳು 12,000 ಕಿಲೋ ಹೊರುತ್ತವೆ. ನಿಮ್ಮ ಲಾರಿಗೆ ಅನ್ವಯಿಸುವ ಮಿತಿ ಅದರ ಆರ್‌ಸಿಯಲ್ಲಿ ಬರೆದಿರುವುದೇ. ಅದನ್ನು ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಂತೆ 20,000 ರೂಪಾಯಿ ದಂಡ, ಹೆಚ್ಚುವರಿಯ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ.

ಕಾಟಾ ಚೀಟಿಯಿಂದ ಟೈರಿನವರೆಗೆ

ಕಬ್ಬು ಸಾಗಿಸುವವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಪ್ರತಿ ಖೇಪಿಗೂ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಎರಡೂ ಚೀಟಿಯಲ್ಲಿ ಬರುತ್ತವೆ. ನಾವು ನೋಡುವುದು ನಡುವಿನ ವ್ಯತ್ಯಾಸವನ್ನು, ಏಕೆಂದರೆ ಬಿಲ್ ಆಗುವುದು ಅದಕ್ಕೆ. ಟೈರಿಗೆ ಬೇಕಾದದ್ದು ಮೊದಲ ಅಂಕಿ, ತುಂಬಿದ ಗಾಡಿಯ ಪೂರ್ತಿ ತೂಕ. ಕಬ್ಬಿನ ಜೊತೆಗೆ ಕಬ್ಬಿಣದ ತೂಕವನ್ನೂ ಟೈರೇ ಹೊರುತ್ತದೆ.

ಲೆಕ್ಕದ ಬಗೆಯನ್ನು ತೋರಿಸಲು ನಾಲ್ಕು ಟೈರುಗಳ ಒಂದು ಟ್ರೇಲರ್ ತೆಗೆದುಕೊಳ್ಳೋಣ. ತುಂಬಿದಾಗ ಅದು 10,400 ಕಿಲೋ ತೂಗಿತು. ನಾಲ್ಕರಿಂದ ಭಾಗಿಸಿದರೆ ಟೈರಿಗೆ 2600 ಕಿಲೋ. 143ರ ಟೈರ್ 2725 ಹೊರುತ್ತದೆ, ಸಾಕು ಎನ್ನಿಸುತ್ತದೆ. ಆದರೆ ಭಾರ ನಾಲ್ಕೂ ಮೂಲೆಗೆ ಸಮವಾಗಿ ಬೀಳುವುದಿಲ್ಲ. ಟ್ರೇಲರ್‌ನ ಹಿಂದಿನ ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ, ಮುಂದಿನವನ್ನು ಕೆಳಗೆ ಬಿಟ್ಟು ತೂಗಿದಾಗ 5900 ಕಿಲೋ ಬಂತು ಎಂದಿಟ್ಟುಕೊಳ್ಳಿ. ಈಗ ಹಿಂದಿನ ಟೈರಿಗೆ 2950 ಕಿಲೋ. 143ರ ಟೈರ್ ಇಲ್ಲಿಯೇ ಸೋತಿತು. ಹೇರುವಾಗ ಕಬ್ಬು ಒಂದು ಮಗ್ಗುಲಿಗೆ ಹೆಚ್ಚಾಗುವುದೂ ಉಂಟು. ಆ ಕಡೆಗೆ ಹತ್ತನೆಯ ಒಂದು ಪಾಲು ಹೆಚ್ಚು ಬಿತ್ತು ಎಂದರೆ 3245 ಕಿಲೋ. 149ರ ಟೈರ್ 3250 ಹೊರುತ್ತದೆ, ಐದು ಕಿಲೋ ಉಳಿತಾಯ. ರಸ್ತೆಯ ತಗ್ಗು, ತಿರುವಿನಲ್ಲಿ ಹೊರಗಿನ ಗಾಲಿಗೆ ವಾಲುವ ಭಾರ ಇವುಗಳಿಗೆ ಏನೂ ಮಿಗಲಿಲ್ಲ. ಹಾಗಾಗಿ ಈ ಟ್ರೇಲರ್‌ಗೆ ನಾನು 152ಕ್ಕಿಂತ ಕಡಿಮೆಯದನ್ನು ಹಾಕಿಸುವುದಿಲ್ಲ. ಡಿಸ್ಕಿಗೆ ಹೊಂದುವ ಅಳತೆಯಲ್ಲಿ 152 ಸಿಗದಿದ್ದರೆ ಉಳಿಯುವ ದಾರಿ ಒಂದೇ, ಸಿಕ್ಕ ಟೈರ್ ಹೊರುವಷ್ಟಕ್ಕೆ ಕಬ್ಬು ಇಳಿಸುವುದು. ಲೆಕ್ಕಕ್ಕಿಂತ ಹತ್ತರಿಂದ ಹದಿನೈದು ಪ್ರತಿಶತ ಹೆಚ್ಚು ಹೊರುವ ಟೈರ್ ಹಾಕಿದರೆ ನೆಮ್ಮದಿ ಎಂಬುದು ನನ್ನ ಅನುಭವ.

ಟ್ರ್ಯಾಕ್ಟರ್ ಮತ್ತು ಎರಡು ಟ್ರೇಲರ್‌ಗಳನ್ನು ಒಟ್ಟಿಗೆ ತೂಗಿದ ಚೀಟಿಯಿಂದ ಈ ಲೆಕ್ಕ ಆಗದು. ಹಂಗಾಮಿನಲ್ಲಿ ಒಮ್ಮೆಯಾದರೂ, ಖಾಸಗಿ ಕಾಟಾದಲ್ಲಾದರೂ ಸರಿ, ಒಂದೊಂದು ಅಚ್ಚನ್ನೂ ಬೇರೆಯಾಗಿ ತೂಗಿಸಬೇಕು.

ನಿಧಾನ ಹೋದರೆ ಹೆಚ್ಚು ಹೇರಬಹುದೇ

146/143ರ ಪಕ್ಕದ ಕೆ ಎಂಬ ಅಕ್ಷರ ವೇಗದ ಸಂಕೇತ. ಅಷ್ಟು ಭಾರವನ್ನು ಯಾವ ವೇಗದವರೆಗೆ ಹೊರಬಹುದು ಎಂಬುದನ್ನು ಅದು ಹೇಳುತ್ತದೆ. ಕೆ ಎಂದರೆ ಗಂಟೆಗೆ 110 ಕಿಲೋಮೀಟರ್, ಜೆ ಎಂದರೆ 100, ಎಫ್ ಎಂದರೆ 80. ಟ್ರ್ಯಾಕ್ಟರ್ ಟೈರುಗಳ ಮೇಲೆ ಎ6 ಅಥವಾ ಎ8 ಎಂದಿರುತ್ತದೆ, ಅವು 30 ಮತ್ತು 40 ಕಿಲೋಮೀಟರ್ ವೇಗದವು. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವ ನಮ್ಮ ಟ್ರೇಲರ್‌ಗೆ ಲಾರಿಯ ಟೈರ್ ಹಾಕಿದಾಗ ಅದು ಪಟ್ಟಿಗಿಂತ ಹೆಚ್ಚು ಹೊರುತ್ತದೆ ಎಂಬ ವಾದ ಊರಲ್ಲಿ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. ವೇಗ ಕಡಿಮೆಯಿದ್ದಾಗ ಶಾಖ ಕಡಿಮೆ ಹುಟ್ಟುತ್ತದೆ, ತಯಾರಕರೇ ಕಡಿಮೆ ವೇಗಕ್ಕೆ ಇಷ್ಟು ಹೆಚ್ಚು ಭಾರ ಎಂದು ಕೋಷ್ಟಕ ಕೊಡುತ್ತಾರೆ. ಆದರೆ ಆ ಹೆಚ್ಚಿನ ಭಾರಕ್ಕೆ ಎಷ್ಟು ಹೆಚ್ಚಿನ ಹವಾ ಬೇಕು ಎಂಬುದೂ ಕೋಷ್ಟಕದಲ್ಲಿರುತ್ತದೆ, ಮತ್ತು ಅದು ಆಯಾ ಟೈರಿಗೆ ಮಾತ್ರ ಅನ್ವಯ. ಕೋಷ್ಟಕ ನೋಡದೆ ಅಂದಾಜಿನಲ್ಲಿ ಹೇರಬಾರದು. ತಗ್ಗಿಗೆ ಬಿದ್ದಾಗ ಆಗುವ ಹೊಡೆತ, ಗದ್ದೆಯ ಬದುವಿನ ಕಲ್ಲು ಪಕ್ಕೆಗೆ ಒತ್ತುವುದು, ಡಿಸ್ಕಿನ ಬೋಲ್ಟುಗಳ ಮೇಲಿನ ಎಳೆತ, ಇವು ನಿಧಾನ ಹೋದರೂ ಪೂರ್ತಿ ತಪ್ಪುವುದಿಲ್ಲ, ಭಾರದೊಡನೆ ಹೆಚ್ಚುತ್ತವೆ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ 20ರಲ್ಲಿಯೇ ಇರುತ್ತದೆ ಎಂಬ ಖಾತ್ರಿಯೂ ಇಲ್ಲ.

ಹವಾ ನೋಡುವ ಹೊತ್ತು

ಪಕ್ಕೆಯ ಮೇಲೆ ಬರೆದ ಒತ್ತಡ ತಣ್ಣಗಿರುವ ಟೈರಿನದು. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಬಿಸಿಲು ಏರುವ ಮೊದಲು ನೋಡಿದ ಅಂಕಿಯೇ ಸರಿಯಾದದ್ದು. 27 ಡಿಗ್ರಿಯಲ್ಲಿ 120 ಪೌಂಡ್ ಇದ್ದ ಟೈರ್ ಓಡಿ ಓಡಿ 60 ಡಿಗ್ರಿಗೆ ಬಿಸಿಯಾದರೆ ಒಳಗಿನ ಗಾಳಿ ಹಿಗ್ಗಲೆತ್ನಿಸಿ ಒತ್ತಡ 135 ಪೌಂಡಿನ ಹತ್ತಿರ ಹೋಗುತ್ತದೆ. ಇದು ಸಹಜ, ತಯಾರಕರು ಇದನ್ನು ಲೆಕ್ಕಕ್ಕೆ ಹಿಡಿದೇ ಅಂಕಿ ಕೊಟ್ಟಿರುತ್ತಾರೆ. ವಿಜಯಪುರದ ಬೇಸಿಗೆಯಲ್ಲಿ ಮಧ್ಯಾಹ್ನ ಗೇಜ್ ಹಚ್ಚಿ, ಹವಾ ಹೆಚ್ಚಾಗಿದೆ ಎಂದು ಹೊರಬಿಡುವವರನ್ನು ಕಂಡಿದ್ದೇನೆ. ಹಾಗೆ ಬಿಟ್ಟರೆ ಟೈರ್ ಇನ್ನಷ್ಟು ಬಾಗಿ ಇನ್ನಷ್ಟು ಬಿಸಿಯಾಗುತ್ತದೆ, ರಾತ್ರಿ ತಣ್ಣಗಾದಾಗ ಹವಾ ಬಹಳ ಕಡಿಮೆಯಾಗಿರುತ್ತದೆ.

ರಾಡಿನಿಂದ ಬಡಿದು ಸದ್ದು ಕೇಳಿ ಹವಾ ಅಳೆಯುವ ರೂಢಿ ಪೂರ್ತಿ ಇಳಿದ ಟೈರನ್ನು ಗುರುತಿಸಲು ಸರಿ, 120 ಮತ್ತು 95ರ ವ್ಯತ್ಯಾಸ ಅದರಿಂದ ತಿಳಿಯದು. ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ.

ಲಾಕ್ ರಿಂಗ್ (ಟೈರನ್ನು ಡಿಸ್ಕಿನಲ್ಲಿ ಹಿಡಿದಿಡುವ, ಬಿಚ್ಚಬಹುದಾದ ಕಬ್ಬಿಣದ ಬಳೆ) ಇರುವ ಡಿಸ್ಕಿನ ಟೈರಿಗೆ ಹವಾ ತುಂಬುವಾಗ ಮಾತ್ರ ಯಾರೂ ಟೈರಿನ ಎದುರಿಗೆ ನಿಲ್ಲಬಾರದು, ಬಗ್ಗಿ ನೋಡಬಾರದು. ಸರಿಯಾಗಿ ಕೂರದ ರಿಂಗ್ ಸಿಡಿದರೆ ಜೀವ ಹೋಗುತ್ತದೆ. ಕಬ್ಬಿಣದ ಪಂಜರದೊಳಗೆ ಟೈರ್ ಇಟ್ಟು, ಉದ್ದನೆಯ ಪೈಪಿನಿಂದ ದೂರ ನಿಂತು ಹವಾ ತುಂಬುವ ಅಂಗಡಿಗೇ ಹೋಗಿ.

ಕೊಳ್ಳುವ ಮೊದಲು ನೋಡಬೇಕಾದ ಉಳಿದ ಸಂಗತಿಗಳು

ನೈಲಾನ್ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ಅದರ ಪಕ್ಕೆ ಗಟ್ಟಿ, ಕಬ್ಬಿನ ಕೂಳೆ, ಕಲ್ಲು ತಾಗಿದರೆ ತಾಳಿಕೊಳ್ಳುತ್ತದೆ, ಆದರೆ ಓಟದಲ್ಲಿ ಹೆಚ್ಚು ಬಿಸಿಯಾಗುತ್ತದೆ. ರೇಡಿಯಲ್‌ನಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗಿ, ಮೇಲೆ ಉಕ್ಕಿನ ಪಟ್ಟಿಗಳಿರುತ್ತವೆ. ಅದು ತಣ್ಣಗಿರುತ್ತದೆ, ಹೆದ್ದಾರಿಯ ದೂರದ ಓಟಕ್ಕೆ ಚೆನ್ನ. ರೇಡಿಯಲ್‌ನ ಪಕ್ಕೆ ಸರಿಯಾದ ಹವಾ ಇದ್ದಾಗಲೂ ಉಬ್ಬಿದಂತೆ ಕಾಣುವುದರಿಂದ ಕಣ್ಣಂದಾಜು ಅದಕ್ಕೆ ನಡೆಯುವುದಿಲ್ಲ. ಇವೆರಡನ್ನೂ ಒಂದೇ ಅಚ್ಚಿಗೆ ಬೆರೆಸಬಾರದು.

ಪಕ್ಕೆಯ ಮೇಲೆ ಒಂದು ಕಡೆ ನಾಲ್ಕು ಅಂಕಿಗಳ ಪುಟ್ಟ ಮುದ್ರೆ ಇರುತ್ತದೆ. 3523 ಎಂದಿದ್ದರೆ 2023ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ಓಡದೆ ನಿಂತರೂ ರಬ್ಬರ್ ಮುಪ್ಪಾಗುತ್ತದೆ. ವರ್ಷದ ಹೆಚ್ಚಿನ ತಿಂಗಳು ಬಿಸಿಲಲ್ಲಿ ನಿಲ್ಲುವ ಟ್ರೇಲರ್ ಟೈರುಗಳಲ್ಲಿ ಗುಡ್ಡಿ ಉಳಿದಿದ್ದರೂ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುವುದು ಇದರಿಂದ. ಹಂಗಾಮು ಮುಗಿದ ಮೇಲೆ ಅಚ್ಚಿಗೆ ಕಲ್ಲು ಅಥವಾ ದಿಮ್ಮಿ ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿ, ಟೈರಿಗೆ ನೆರಳು ಮಾಡಿದರೆ ಬಾಳಿಕೆ ಹೆಚ್ಚುತ್ತದೆ. ಭಾರತದಲ್ಲಿ ಮಾರುವ ವಾಣಿಜ್ಯ ವಾಹನಗಳ ಹೊಸ ಟೈರಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 15636 ಎಂಬ ಮಾನಕದ ಸಂಖ್ಯೆ ಇರಬೇಕು.

ರಿಸೋಲ್ ಮಾಡಿಸಿದ, ಅಂದರೆ ಸವೆದ ಮೇಲ್ಮೈಗೆ ಹೊಸ ರಬ್ಬರ್ ಹಾಕಿಸಿದ, ಟೈರ್ ಕೆಟ್ಟದ್ದೇನಲ್ಲ. ಮೇಲಿನ ರಬ್ಬರ್ ಹೊಸದಾದರೂ ಭಾರ ಹಿಡಿಯುವುದು ಒಳಗಿನ ಹಳೆಯ ಕವಚ ಎಂಬುದನ್ನು ನೆನಪಿಡಬೇಕು. ಒಮ್ಮೆ ಕಡಿಮೆ ಹವಾದಲ್ಲಿ ಬೆಂದ ಕವಚಕ್ಕೆ ಎಷ್ಟು ಸಲ ರಬ್ಬರ್ ಹಾಕಿದರೂ ಬಲ ಮರಳದು. ಸ್ಟಿಯರಿಂಗ್ ಇರುವ ಮುಂದಿನ ಅಚ್ಚಿಗೆ ರಿಸೋಲ್ ಬೇಡ. ಡಿಸ್ಕಿಗೂ ತನ್ನದೇ ಭಾರ ಮತ್ತು ಒತ್ತಡದ ಮಿತಿ ಇದೆ. 152ರ ಟೈರನ್ನು ಹಳೆಯ, ತುಕ್ಕು ಹಿಡಿದು ಬೋಲ್ಟಿನ ತೂತು ಅಗಲವಾದ ಡಿಸ್ಕಿಗೆ ಹಾಕಿದರೆ ಆ ಡಿಸ್ಕೇ ಗಾಡಿಯ ಮಿತಿಯಾಗುತ್ತದೆ. ಟೈರ್ ಬದಲಿಸಿದ ಮಾತ್ರಕ್ಕೆ ಅಚ್ಚು, ಪಾಟಾ, ಬೇರಿಂಗುಗಳ ಶಕ್ತಿ ಹೆಚ್ಚುವುದಿಲ್ಲ. ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅಷ್ಟೇ ಹೇರಬೇಕು.

ಕಾಲುವೆ ಏರಿಯ ಆ ರಾತ್ರಿಯ ನಂತರ ನಮ್ಮ ಎರಡೂ ಟ್ರೇಲರ್‌ಗಳ ಚಾಸಿಯ ಮೇಲೆ, ಪ್ರತಿ ಗಾಲಿಯ ನೆತ್ತಿಯಲ್ಲಿ, ಬಿಳಿ ಬಣ್ಣದಿಂದ ಎರಡು ಅಂಕಿ ಬರೆಸಿದ್ದೇವೆ. ಮೇಲಿನದು ಆ ಟೈರ್ ಹೊರಬಲ್ಲ ಕಿಲೋ, ಕೆಳಗಿನದು ಬೆಳಿಗ್ಗೆ ಇರಬೇಕಾದ ಪೌಂಡ್. ಡ್ರೈವರ್ ಬದಲಾದರೂ, ಕಬ್ಬು ಹೇರುವ ಗ್ಯಾಂಗ್ ಬದಲಾದರೂ ಅಂಕಿ ಅಲ್ಲಿಯೇ ಇರುತ್ತದೆ, ಟೈರ್ ಬದಲಿಸಿದ ದಿನ ಮಾತ್ರ ಅಳಿಸಿ ಮತ್ತೆ ಬರೆಯುತ್ತೇವೆ.